ಕಂಪ್ಯೂಟರಿನ ಕೊನೆಯ ಮಾತು

ಸಿಟ್ಟು ಬಂದಾಗ ಕೆಲವರು ಪಾತ್ರೆ ಎಸೆಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಎರಡೂ ಮಾಡುವವಳಲ್ಲ. ನೆಗ್ಗಿದ ಪಾತ್ರೆಯಲ್ಲಿ ಮತ್ತೆ ಅಡಿಗೆ ಮಾಡಬೇಕಾದವಳು ನಾನೇ. ಆದರೆ ನಮ್ಮ ಹಿರಿಯ ಗುಮಾಸ್ತ ಶಂಕ್ರೆಪ್ಪನವರ ಮೇಲೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಬೈಲಹೊಂಗಲದ ನಮ್ಮ ಬೀಜ-ಗೊಬ್ಬರದ ಸಂಘಕ್ಕೆ ಒಂದು ದೊಡ್ಡ ಕಂಪ್ಯೂಟರ್ ಬಂದಿತ್ತು. ಹೊರಗೆ ಒಂದೇ ಪೆಟ್ಟಿಗೆ. ಒಳಗೆ ನಾಲ್ಕು ಬೇರೆ ಬೇರೆ ಕಂಪ್ಯೂಟರುಗಳಿದ್ದಂತೆ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಶಾಖೆಗಳ ಲೆಕ್ಕ-ರಸೀದಿಯ ಸಂಸಾರವೆಲ್ಲ ಅದರ ಹೊಟ್ಟೆಯಲ್ಲಿ. ನೋಡಿಕೊಳ್ಳುವ ಹೊಣೆ ನನ್ನದು. ರಸ್ತೆಯ ಧೂಳು ಹೋಗದಿರಲೆಂದು ಹಳೆಯ ಇಳಕಲ್ ಸೀರೆಗಳಿಂದ ಕೌದಿ ಹೊಲಿದು ಹೊದಿಸಿದ್ದೆ. ಅಂಚಿಗೆ ಕುಚ್ಚು ಬೇರೆ.

ಬಿತ್ತನೆಯ ಹಂಗಾಮಿನಲ್ಲೇ ಅದು ಕೆಟ್ಟು ನಿಂತಿತು. ನೇರಳೆ ಪರದೆ, ಬಿಳಿ ಅಕ್ಷರ. ಹುಬ್ಬಳ್ಳಿಯ ರಿಪೇರಿ ಎಂಜಿನಿಯರನಿಗೆ ಫೋನ್ ಮಾಡಿದೆ.

"ಅಕ್ಕಾರ, ಯಾಕ ಬಿದ್ದೆ ಅಂತ ಅದು ತಾನ ಡಿಸ್ಕಿನ್ಯಾಗ ಬರಕೊಳ್ಳಾಕ ಹತ್ತಿರತೈತಿ. ಡಂಪ್ ಫೈಲ್ ಅಂತಾರ ಅದಕ್ಕ. ಮುಗಿಯೂತನಕ ಮುಟ್ಟಬ್ಯಾಡ್ರಿ. ಆ ಫೈಲ್ ಕಳಸಿದ್ರಷ್ಟ ಕಂಪನಿ ಪಾರ್ಟ್ ಬದಲಿ ಮಾಡತೈತಿ."

ಫೋನಿಟ್ಟು ತಿರುಗಿದರೆ ಪರದೆ ಕಪ್ಪಾಗಿತ್ತು. ಗೋಡೆಯ ಸ್ವಿಚ್ಚಿನ ಪಕ್ಕ ಶಂಕ್ರೆಪ್ಪನವರು. ಸಂಪಗಾಂವದ ತಮ್ಮ ಬಾವಿಯ ಮೋಟಾರು ಕಾದಾಗಲೆಲ್ಲ ಫ್ಯೂಸ್ ಕಿತ್ತು, ಹಸಿ ಗೋಣಿಚೀಲ ಹೊಚ್ಚಿ ಆರಿಸುವುದು ಅವರ ರೂಢಿ.

"ಕೈ ಇಟ್ಟ ನೋಡೇನ್ರಿ, ಕಾದ ಹಂಚಾಗಿತ್ತು. ಆರ್ಲಿ ಅಂತ ಬಂದ್ ಮಾಡೇನಿ."

"ಇದೇನ್ ನಿಮ್ಮ ಬಾವಿ ಮೋಟಾರೇನ್ರಿ? ಸಾಯೂ ಮುಂದ ಏನೋ ಹೇಳಾಕ ಹತ್ತಿತ್ತು, ಬಾಯಿ ಮುಚ್ಚಿಬಿಟ್ರಿ!"

"ಗೋಣಿಚೀಲ ಹೊಚ್ಚಿಲ್ಲಲ್ರಿ, ಪುಣ್ಯಾ ಅನ್ರಿ."

ಮತ್ತೆ ಚಾಲೂ ಮಾಡಿ ನೋಡಿದರೆ ಅರೆಬರೆ ಫೈಲು, ಯಾತಕ್ಕೂ ಬಾರದ್ದು. ಮರುದಿನ ಅದು ಮತ್ತೆ ಬಿತ್ತು. ಸವದತ್ತಿಯಿಂದ ಫೋನು: "ಬೀಜಕ್ಕ ಮಂದಿ ಪಾಳಿ ಹಚ್ಯಾರ, ರಸೀದಿ ಬರವಲ್ದು, ನಮ್ಮನ್ನ ಹೊಡ್ಯಾಕ ಬರಾಕ ಹತ್ಯಾರ!" ಈ ಸಲ ನಾನು ಸ್ವಿಚ್ಚಿಗೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕೂತೆ. "ಕಾದೈತ್ರಿ..." ಎಂದು ಶಂಕ್ರೆಪ್ಪನವರು ದೂರದಿಂದಲೇ ಗೊಣಗಿದರು. ಕಣ್ಣಲ್ಲೇ ಸುಟ್ಟೆ. ಬರೆಯುವುದು ಪೂರ್ತಿ ಮುಗಿದ ಮೇಲೆ ಚಾಲೂ ಮಾಡಿ, ಫೈಲು ಹುಡುಕಿ ತೆಗೆದು ಹುಬ್ಬಳ್ಳಿಗೆ ಕಳಿಸಿದೆ.

ಸಂಜೆ ಎಂಜಿನಿಯರನ ಫೋನು. ಶಂಕ್ರೆಪ್ಪನವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಅಕ್ಕಾರ, ಫೈಲ್ ಭಾಳ ಚಂದ ಬಂದೈತಿ. ಪಾರ್ಟ್ ಯಾವ್ದೂ ಕೆಟ್ಟಿಲ್ಲ. ಉಸರ ಕಟ್ಟಿ, ಕಾದ ಬಿದ್ದೈತಿ. ಗಾಳಿ ಆಡೂ ಜಾಗಕ್ಕ ಏನರ ಹೊಚ್ಚೀರೇನು?"

ಶಂಕ್ರೆಪ್ಪನವರು ಕೌದಿಯನ್ನು ಮೆಲ್ಲಗೆ ಎತ್ತಿ, ಕುಚ್ಚು ಸರಿಮಾಡಿ, ಮಡಿಸಿ ನನ್ನ ಮೇಜಿನ ಮೇಲಿಟ್ಟರು. "ಥಂಡಿಗೆ ಬರತೈತಿ ತಗೋರಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಪೆಟ್ಟಿಗೆಯಾದರೂ! ಅಷ್ಟು ಮಮತೆಯಿಂದ ಹೊದಿಸಿದ ನನ್ನ ಮೇಲೇ ದೂರು ಬರೆದಿಟ್ಟಿತ್ತು. ಅದನ್ನು ಕಾವಲು ಕೂತು, ಒಂದಕ್ಷರ ಬಿಡದಂತೆ ಬರೆಸಿ, ಹುಬ್ಬಳ್ಳಿಗೆ ಮುಟ್ಟಿಸಿದವಳೂ ನಾನೇ.