ರೇಣುಕಪ್ರಸಾದನ ಮೇಲೆ ಬಿದ್ದ ಉಲ್ಕೆ

ಮೂಡಿಗೆರೆಯ ವರ್ತಕರ ಸಂಘದವರು ಭಾಷಣದ ಕೊನೆಗೆ ಊಟವಿದೆ ಎಂದು ಹೇಳದೆ ಹೋಗಿದ್ದರೆ ರೇಣುಕಪ್ರಸಾದನಿಗೆ ಈ ಗತಿ ಬರುತ್ತಿರಲಿಲ್ಲ. ಬಣಕಲ್ಲಿನಲ್ಲಿ ಅಪ್ಪನ ಕಾಲದ ಕಾಫಿಪುಡಿ ಅಂಗಡಿ ನಡೆಸುತ್ತಿದ್ದ ಅವನು ಭಾನುವಾರ ಊಟಕ್ಕೆಂದು ಹೋದವನು ತಲೆಯ ತುಂಬ ಆಕಾಶ ತುಂಬಿಕೊಂಡು ಬಂದ.

ಭಾಷಣ ಮಾಡಿದವಳು ಪ್ರೇರಣಾ ಎಂಬ ಕಾಲೇಜು ಉಪನ್ಯಾಸಕಿ. ಭೂಮಿಯ ಆಸುಪಾಸಿನಲ್ಲಿ ಬಂಡೆಗಳು ಸುತ್ತುತ್ತಲೇ ಇರುತ್ತವಂತೆ. ದೊಡ್ಡದು ಬೀಳುವುದು ಕೋಟ್ಯಂತರ ವರ್ಷಕ್ಕೊಮ್ಮೆ, ಆದರೆ ಬಿದ್ದರೆ ಏನೂ ಉಳಿಯುವುದಿಲ್ಲ. ಪ್ರತಿ ವ್ಯಾಪಾರಕ್ಕೂ ಅಂಥದ್ದೊಂದು ಬಂಡೆ ಎಲ್ಲೋ ಕಾದಿರುತ್ತದೆ, ಅದು ಯಾವುದೆಂದು ಮೊದಲೇ ನೋಡಿಟ್ಟುಕೊಳ್ಳಿ ಎಂದಳು. ಡೈನೋಸಾರ್‌ಗಳಿಗೆ ತಲೆಯೆತ್ತಿ ನೋಡುವ ಅಭ್ಯಾಸವೊಂದು ಬಿಟ್ಟರೆ ಬೇರೇನೂ ಕಡಿಮೆಯಿರಲಿಲ್ಲ ಎಂದಾಗ ಎಲ್ಲರೂ ನಕ್ಕರು. ರೇಣುಕಪ್ರಸಾದ ನಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮೋಡ ನೋಡುತ್ತ, ಇಳಿಯಬೇಕಿದ್ದ ಬಣಕಲ್ ದಾಟಿಹೋಗಿ, ಮುಂದಿನ ಕೊಟ್ಟಿಗೆಹಾರದಲ್ಲಿ ಇಳಿದ.

ಅಲ್ಲಿ ನಿಂತಾಗಲೇ ತನ್ನ ಬಂಡೆ ಯಾವುದೆಂದು ಹೊಳೆಯಿತು. ಬೀಜ ಹುರಿಯುವ ಹದವೂ ಚಿಕೋರಿ ಬೆರೆಸುವ ಅಳತೆಯೂ ಗೊತ್ತಿದ್ದದ್ದು ಅವನೊಬ್ಬನಿಗೇ. ಅವನಿಗೆ ಏನಾದರೂ ಆದರೆ ಅಂಗಡಿ ಮುಗಿದಂತೆ.

ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಹೆಂಡತಿ ಭುವನಾಳ ಕೈಗಿತ್ತ.

“ಇವತ್ತು ನನ್ನ ಮೇಲೆ ಉಲ್ಕೆ ಬಿದ್ದಿದೆ ಅಂತ ತಿಳ್ಕೋ. ಸಂಜೆವರೆಗೆ ನಾನಿಲ್ಲ. ಇದ್ನ ನೋಡ್ಕೊಂಡು ಅಂಗಡಿ ನೀನೇ ನಡೆಸು.”

“ತಿಂಡಿಗೆ ಮೊದ್ಲು ಬಿದ್ದಿದ್ದಾ, ಆಮೇಲಾ?” ಎಂದು ಭುವನಾ ಕೇಳಿದಳು.

ಆಮೇಲೆ ಎಂದ. ಕಡುಬು ತಿಂದು, ಅಂಗಡಿಯ ಎದುರು ರಸ್ತೆಯಾಚೆಗಿದ್ದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಹೋಗಿ ಕೂತ.

ಗಿರಾಕಿ ಗಿಡ್ಡಮ್ಮ ಬಂದು ಅರ್ಧ ಕೆಜಿ ಪುಡಿ ಬೇಕಿತ್ತು ಎಂದಳು. ನಾನಿವತ್ತು ಇಲ್ಲ ಗಿಡ್ಡಮ್ಮ ಎಂದ. ಅವಳು ಅವನ ಪಾದಗಳು ಹಿಂದುಮುಂದಾಗಿವೆಯೇ ಎಂದು ಬಗ್ಗಿ ನೋಡಿ, ಸರಸರನೆ ನಡೆದಳು. ಹತ್ತು ಗಂಟೆಗೆ ಅವನನ್ನು ಹೆಂಡತಿ ಹೊರಗೆ ಹಾಕಿದ್ದಾಳೆ ಎಂದು ಸುದ್ದಿಯಾಯಿತು. ಹನ್ನೊಂದಕ್ಕೆ, ಸನ್ಯಾಸಿಯಾಗಲು ಕಳಸದ ಬಸ್ಸು ಕಾಯುತ್ತಿದ್ದಾನೆ ಎಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಅದನ್ನು ಹಾಕಿದ ಪಕ್ಕದ ಬೇಕರಿಯ ತಮ್ಮಯ್ಯನೇ ಬೆಣ್ಣೆ ಬಿಸ್ಕತ್ತು ಹಿಡಿದು ಸಮಾಧಾನ ಮಾಡಲು ಬಂದ. ಸಂಸಾರ ಅಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಅರ್ಧ ಗಂಟೆ ಹೇಳಿದ.

ರೇಣುಕಪ್ರಸಾದನ ಕಿವಿಗೆ ಅದು ಬೀಳಲಿಲ್ಲ. ಗುಡ್ಡದ ಮೇಲಿನ ಮಂಜು ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ತಾನಿಲ್ಲದ ಲೋಕ ಹೀಗಿರುತ್ತದಲ್ಲ ಎಂದುಕೊಂಡ. ಇಲ್ಲದಿರುವುದು ಇಷ್ಟು ಹಗುರವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಸುಖವಾಗಿ ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಅಂಗಡಿಯ ಮುಂದೆ ಎಸ್ಟೇಟ್ ಮಾಲೀಕ ಪರಮೇಶ್ವರಪ್ಪನವರ ಜೀಪು ನಿಂತಿತ್ತು. ಮಗಳ ಮದುವೆಗೆ ಯಾರ ಪುಡಿ ಎಂದು ಗೊತ್ತುಮಾಡಲು ಅವರು ಬುಧವಾರ ಬರಬೇಕಿತ್ತು. ಸುತ್ತಲಿನ ಎಸ್ಟೇಟಿನವರೆಲ್ಲ ಸೇರುವ ಮದುವೆ. ಅಲ್ಲಿ ಮೆಚ್ಚಿದರೆ ಅಂಗಡಿ ಎದ್ದಿತು, ಮುಖ ಸಿಂಡರಿಸಿದರೆ ಬಾಗಿಲು ಹಾಕಿತು. ಅಷ್ಟರಲ್ಲಿ ಹುರಿದ ಬೀಜದ ವಾಸನೆ ರಸ್ತೆ ದಾಟಿ ಬಂತು. ಅದು ಅವನ ಅಂಗಡಿಯ ವಾಸನೆಯೇ ಅಲ್ಲ. ಎದ್ದು ಓಡಿದ.

ಬಾಗಿಲಲ್ಲಿ ಭುವನಾ ತಡೆದಳು. “ನೀವಿಲ್ವಲ್ಲ. ಸಂಜೆ ಬನ್ನಿ.”

ಜಗಳ ಬೇಡ ಮಾರಾಯ ಎಂದು ತಮ್ಮಯ್ಯ ಹಿಂದಿನಿಂದ ತಬ್ಬಿ ಹಿಡಿದ. ಸತ್ತವನಂತೆ ಹೊರಗೇ ನಿಂತು ರೇಣುಕಪ್ರಸಾದ ಕಿಟಕಿಯಲ್ಲಿ ನೋಡಿದ. ಪರಮೇಶ್ವರಪ್ಪನವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದರು. ಅದೂ ಮುಗಿದ ಮೇಲೆ ಹೊರಗೆ ಬಂದರು.

“ನೋಡು ಪ್ರಸಾದ, ನಿಮ್ಮಪ್ಪನ ಮುಖ ನೋಡಿ ಹನ್ನೆರಡು ವರ್ಷ ನಿನ್ನ ಪುಡಿ ಕುಡ್ದೆ. ಇವತ್ತು ಕಾಫಿ ಕುಡ್ದೆ.”

ರೇಣುಕಪ್ರಸಾದ ತಮ್ಮಯ್ಯನ ಕೈ ಬಿಡಿಸಿಕೊಂಡ. ತಾನು ಬರೆದುಕೊಟ್ಟದ್ದನ್ನು ಏನು ಮಾಡಿದೆ ಎಂದು ಹೆಂಡತಿಯನ್ನು ಕೇಳಿದ.

“ಘಮ ಬಂದಾಗ ನಿಲ್ಲಿಸು ಅಂತ ಬರ್ದಿದ್ರಿ. ನಿಮ್ಗೆ ಯಾವಾಗ ಬರುತ್ತೋ ಎಂತೋ, ನಂಗೆ ಬಂದಾಗ ನಿಲ್ಸಿದೆ.”

ಚಿಕೋರಿ ಎಷ್ಟು ಹಾಕಿದೆ ಎಂದರೆ ಕೈಗೆ ಬಂದಷ್ಟು ಎಂದಳು. ಬರೆದಿಡು ಎಂದು ಕಾಗದ ಕೊಟ್ಟರೆ, ಕೈಗೆ ಗೊತ್ತಿರುವುದನ್ನು ಬರೆಯುವುದು ಹೇಗೆ ಎಂದು ಅವನನ್ನೇ ಕೇಳಿದಳು.

ಜೀಪು ಹತ್ತಲು ಹೊರಟಿದ್ದ ಪರಮೇಶ್ವರಪ್ಪನವರು ನಿಂತರು. “ಹಾಗಾದ್ರೆ ಇದು ಇವ್ರೊಬ್ರಿಗೇ ಬರೋದು. ಮದುವೆಗೆ ಇನ್ನೂ ಎರಡು ತಿಂಗ್ಳಿದೆ. ಅಲ್ಲಿವರೆಗೆ ಇವ್ರಿಗೆ ಒಂದು ಶೀತನೂ ಆಗ್ಬಾರ್ದು. ಅದಿನ್ನು ನಿನ್ನ ಕೆಲ್ಸ.”

ಜೀಪು ಹೋಯಿತು. ಬಂದವರಿಗೆಲ್ಲ ಕಾಫಿ ಕೊಟ್ಟು ಹಾಲು ಮುಗಿದಿತ್ತು. ಭುವನಾ ತಂಬಿಗೆ ಹಿಡಿದು ಎದುರಿನ ಡೈರಿಗೆ ಹೊರಟಳು. ತಿರುವಿನಲ್ಲಿ ಧರ್ಮಸ್ಥಳದ ಬಸ್ಸು ಕಾಣಿಸಿದ್ದೇ ರೇಣುಕಪ್ರಸಾದ ರಸ್ತೆಯ ನಡುವೆ ಹಾರಿ ಎರಡೂ ಕೈ ಚಾಚಿ ನಿಂತ. ಬಸ್ಸು ಕಿರುಗುಟ್ಟಿ ನಿಂತಿತು. ಕಂಡಕ್ಟರ್ ಇಳಿದು ಬಂದು ಎಂತ ಆಯ್ತು ಎಂದು ಕೇಳಿದ.

“ಸ್ವಲ್ಪ ತಾಳಿ,” ಎಂದ ರೇಣುಕಪ್ರಸಾದ. “ನಮ್ಮ ಅಂಗಡಿ ರಸ್ತೆ ದಾಟ್ತಾ ಇದೆ.”