ಎರಡನೇ ಸಾಂಬಾರಿಗೆ ಯಾರ ಅಪ್ಪಣೆ?

ಬಿಟ್ಟಿ ಕೊಟ್ಟ ವಸ್ತುವಿಗೆ ಹುಟ್ಟಿಕೊಳ್ಳುವಷ್ಟು ಯಜಮಾನರು ದುಡ್ಡು ಕೊಟ್ಟು ಕೊಂಡದ್ದಕ್ಕೆ ಹುಟ್ಟುವುದಿಲ್ಲ. ನನ್ನ ಪಾಲಿಗಂತೂ ಇದು ನಿತ್ಯದ ಗೋಳು. ಹೋಟೆಲುಗಳಿಗೆಂದು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು ಓಪನ್ ಸೋರ್ಸ್ ಮಾಡಿದೆ. ಯಾರು ಬೇಕಾದರೂ ಬಳಸಲಿ, ತಮ್ಮ ಪ್ರತಿಯನ್ನು ತಿದ್ದಿಕೊಳ್ಳಲಿ. ಮೂಲ ಪ್ರತಿಯಲ್ಲಿ ಏನಿರಬೇಕೆಂದು ಮಾತ್ರ ನಾನು ಹೇಳುತ್ತೇನೆ. ಕೊಟ್ಟವಳು ಕೋಡಂಗಿಯಾಗಲು ನಾನು ತಯಾರಿಲ್ಲ.

೧. ಚಾ ಕೊಟ್ಟವರ ಹಕ್ಕು

ಮೊದಲ ಯಜಮಾನರು ನನ್ನ ಸೋದರಮಾವ. ಮುಂಬೈನ ಗ್ರಾಂಟ್ ರೋಡಿನಲ್ಲಿರುವ ಅವರ ಹೋಟೆಲಿನಲ್ಲಿ ಕೂತೇ ನಾನು ಕೋಡ್ ಬರೆದದ್ದು.

"ನನ್ನ ಚಾ ಕುಡಿದು ಬರೆದದ್ದಲ್ವಾ? ಎಲ್ಲರ ಮೆನುವಿನಲ್ಲೂ ಗೋಳಿಬಜೆ ಮೊದಲು ಬರಬೇಕು" ಎಂದರು.

"ಗೋಳಿಬಜೆ ಮಾಡದ ಹೋಟೆಲೂ ಉಂಟಲ್ಲ ಮಾವ."

"ಉಂಟಾ? ಹಾಗಾದ್ರೆ ಮಾಡ್ಲಿ ಮಾರಾಯ್ತಿ!"

೨. ದೊಡ್ಡವರ ಹಕ್ಕು

ಅಂಧೇರಿಯ ಕಂಪನಿಯೊಂದು ತನ್ನ ಹೋಟೆಲುಗಳಿಗೆಲ್ಲ ಇದನ್ನೇ ಬಳಸುತ್ತದೆ. ಅದರ ಮ್ಯಾನೇಜರ್ ಫೋನ್ ಮಾಡಿದರು. ಮುಂಬೈನಲ್ಲೇ ಹುಟ್ಟಿ ಬೆಳೆದ ಕನ್ನಡ.

"ಮ್ಯಾಡಮ್, ಎರಡನೇ ಸಾಂಬಾರ್‌ಗೆ ಆಟೋಮ್ಯಾಟಿಕ್ ಚಾರ್ಜ್ ಬೀಳ್ಬೇಕು."

"ನಿಮ್ಮ ಪ್ರತಿಯಲ್ಲಿ ಹಾಕಿಕೊಳ್ಳಿ."

"ನಹೀ ನಹೀ, ಎಲ್ಲರದ್ರಲ್ಲೂ ಬೇಕು. ನಾವು ಒಬ್ರೇ ಹಾಕಿದ್ರೆ ಗಿರಾಕಿ ಬಾಜೂ ಹೋಟೆಲ್‌ಗೆ ಹೋಗ್ತಾರೆ ನಾ!"

ಸಿಟ್ಟು ನೆತ್ತಿಗೇರಿತು. ಇಡ್ಲಿ ಉಳಿದು ಸಾಂಬಾರು ಮುಗಿದರೆ ನಮ್ಮ ಹೋಟೆಲುಗಳಲ್ಲಿ ಕೇಳದೆಯೇ ಬಡಿಸುತ್ತಾರೆ. ಆ ಬಟ್ಟಲಿಗೆ ಬಿಲ್ ಹಾಕುವ ಕೋಡ್ ನನ್ನ ಕೈಯಿಂದ ಬರುವುದಿಲ್ಲ ಎಂದೆ.

"ಹಾಗಾದ್ರೆ ವೋಟಿಂಗ್ ಇಡಿ. ನಮ್ಮ ಹೋಟೆಲ್ಲೇ ಜಾಸ್ತಿ" ಎಂದರು. ತಿನ್ನುವವನನ್ನು ಬಿಟ್ಟು ಉಳಿದವರೆಲ್ಲರಿಗೂ ವೋಟು!

೩. ದುಡಿದವರ ಹಕ್ಕು

"ಆಗಲಿ" ಎಂದೆ. "ಆದರೆ ಇಲ್ಲಿ ಕೆಲಸ ಮಾಡಿದವರಿಗೆ ಮಾತ್ರ ವೋಟು. ಭಾನುವಾರ ಊಟದ ಹೊತ್ತಿಗೆ ಮುಲುಂಡಿನ ನಮ್ಮ ಮನೆಗೆ ಬನ್ನಿ. ಬಿಲ್ಲಿಂಗ್ ಕೈಕೊಟ್ಟಾಗ ನನಗೆ ಬರುವ ಹೋಟೆಲಿನವರ ಫೋನ್ ಎತ್ತಿ."

ಬಂದರು. ಇಸ್ತ್ರಿ ಮಾಡಿದ ಶರ್ಟು, ಮುಗುಳ್ನಗೆ. ಮೊದಲ ಫೋನೇ ಬಿಜಾಪುರ ಕಡೆಯ ಕ್ಯಾಷಿಯರನದು.

"ಸರ, ಬಿಲ್ ಬರವಲ್ದು, ಗಿರಾಕಿ ಎದ್ದ ನಿಂತಾರ!"

"ಈಮೇಲ್ ಕಳಿಸಿ, ನೋಡ್ತೀವಿ."

"ನಿಮ್ಮ ಈಮೇಲ್ ಬಂದು ಗಿರಾಕಿನ್ನ ಹಿಡ್ಕೊಂಡ ಕುಂದ್ರತೈತೇನ್ರಿ?"

ಆಮೇಲೆ ಫೋನು ಉಸಿರಾಡಲು ಬಿಡಲಿಲ್ಲ. ಒಬ್ಬರ ದೋಸೆ ಇನ್ನೊಬ್ಬರ ಬಿಲ್ಲಿಗೆ ಹೋಗಿತ್ತು, ಮತ್ತೊಬ್ಬರು ಸ್ವಿಚ್ಚೇ ಹಾಕದೆ ಬೈಯುತ್ತಿದ್ದರು. ನಾನು ನಿಶ್ಚಿಂತೆಯಿಂದ ಊಟ ಮುಗಿಸಿ ಕೈ ತೊಳೆದು ಬಂದೆ. ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಎದ್ದು ನಿಂತಿದ್ದರು.

"ಈಗ ನಿಮಗೂ ವೋಟುಂಟು. ಹೇಳಿ, ಸಾಂಬಾರಿಗೆ ಚಾರ್ಜ್ ಹಾಕೋಣವೇ?" ಎಂದೆ.

"ಬೇಡ ಮ್ಯಾಡಮ್! ಬಿಲ್‌ನಲ್ಲಿ ಇನ್ನೊಂದು ಲೈನ್ ಬಂದ್ರೆ ಅದಕ್ಕೂ ಫೋನ್ ಬರತ್ತೆ. ನಮ್ಮ ವೋಟೂ ನೀವೇ ಹಾಕಿ. ಬಸ್, ಸಾಕು! ಈ ಫೋನ್ ಮಾತ್ರ ವಾಪಸ್ ತಗೊಳ್ಳಿ!"