ಒಳಕೋಣೆಯ ದನಿ

ದರ್ಜಿಯ ತಲೆ ಕೆಡಿಸಿದ್ದು ಹಿರಿಯ ಮಗಳ ಪ್ರತಿಭೆ. (ಆ ಪ್ರತಿಭೆ ಇರುವುದು ದರ್ಜಿಯ ತಲೆಯೊಳಗೆ ಮಾತ್ರ ಎಂಬುದು ಹೆಂಡತಿಯ ವಾದ.) ತೊಟ್ಟಿಲಲ್ಲೇ ಅವಳು ಶ್ರುತಿಬದ್ಧವಾಗಿ ಅತ್ತಿದ್ದಳಂತೆ! ಹಾಗಾಗಿ ಅವಳಿಗೆ ಹಾಡಿನ ಮೇಷ್ಟ್ರನ್ನು ಗೊತ್ತುಮಾಡಿದ. ಕಿರಿಯವಳು ಬಾಯಿ ಬಿಡುವುದೇ ಅಪರೂಪ. ಮನೆಮಂದಿಗೆಲ್ಲ ಅವಳು ಮೌನಿ.

"ಮೌನೀನೂ ಮೇಷ್ಟ್ರಿಗೆ ತೋರಿಸ್ರೀ."

"ಮಾತೇ ಆಡದವಳು ಹಾಡ್ತಾಳಾ? ಹೆತ್ತ ಅಪ್ಪನ ಕಣ್ಣಿಗೆ ಗೊತ್ತಾಗಲ್ವೇನೇ?"

"ಆ ಕಣ್ಣಿಗೆ ಗಿರಾಕಿ ಸೊಂಟದ ಅಳತೇನೇ ಗೊತ್ತಾಗಲ್ಲ," ಎಂದ ಹೆಂಡತಿ, ಹಿರಿಯವಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೊರಟಳು.

ಮಧ್ಯಾಹ್ನ ದರ್ಜಿ ಕಾಲರು ಹೊಲಿಯುತ್ತಿದ್ದಾಗ ಒಳಕೋಣೆಯಿಂದ ಹೆಂಡತಿ ಗದರಿದಳು: "ರೀ, ಮತ್ತೆ ಸೊಟ್ಟಕ್ಕೆ ಹೊಲೀತಿದ್ದೀರಾ?"

"ಇಲ್ಲ ಕಣೇ," ಎನ್ನುತ್ತಲೇ ಹೊಲಿಗೆ ಬಿಚ್ಚತೊಡಗಿದ. ಅರ್ಧ ಬಿಚ್ಚಿದ ಮೇಲೆ, ಹೆಂಡತಿ ಮನೆಯಲ್ಲಿಲ್ಲ ಎಂಬುದು ನೆನಪಾಯಿತು.

ಮಷಿನ್ ನಿಂತಿತು. ಒಳಗೆ ಯಾರೋ ಕೆಮ್ಮಿದರು. ಎದೆಯ ಆಳದಿಂದ ಎದ್ದು, ಕೊನೆಗೊಂದು ಸಣ್ಣ ನರಳಿಕೆಯಲ್ಲಿ ಮುಗಿಯುವ ಕೆಮ್ಮು. ಕಳೆದ ವರ್ಷ ತೀರಿಕೊಂಡ ಅವನ ತಾಯಿಯದು.

"ಮಗಾ, ಊಟ ಆಯ್ತೇನೋ?"

ದರ್ಜಿಗೆ ಓಡಿಹೋಗಬೇಕೆನ್ನಿಸಿತು, ಬಾಗಿಲು ತೆರೆಯಬೇಕೆಂದೂ ಅನ್ನಿಸಿತು. ಎರಡೂ ಆಗದೆ, "ಆಯ್ತಮ್ಮ," ಎಂದ. (ಆಗಿರಲಿಲ್ಲ.)

"ಸುಳ್ಳು ಹೇಳ್ಬೇಡ," ಎಂದಿತು ಒಳಗಿನ ದನಿ.

ಹೆಂಡತಿ, ಹಿರಿಯ ಮಗಳು, ಅವರ ಹಿಂದೆ ಪಾಠಕ್ಕೆ ಬಂದ ಮೇಷ್ಟ್ರು ಒಳಬಂದಾಗ, ದರ್ಜಿ ಕತ್ತರಿ ಹಿಡಿದು ಗೋಡೆಗೆ ಅಂಟಿಕೊಂಡಿದ್ದ. ಹೆಂಡತಿಯೇ ಬಾಗಿಲು ತಳ್ಳಿದಳು. ಕಿಟಕಿ ಮುಚ್ಚಿದ ಕತ್ತಲಲ್ಲಿ, ಅಜ್ಜಿಯ ಮಂಚದ ಮೇಲೆ ಕಾಲು ಇಳಿಬಿಟ್ಟು ಮೌನಿ ಕೂತಿದ್ದಳು. ಕಣ್ಣು ಮಿಟುಕಿಸದೆ, ತುಟಿ ಅಲುಗಿತೋ ಇಲ್ಲವೋ ಎಂಬಂತೆ, ಇನ್ನೊಮ್ಮೆ ಕೆಮ್ಮಿದಳು.

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. "ಸ್ವಾಮಿ, ಪ್ರತಿಭೆ ಅಂದ್ರೆ ಇದು."

"ನಂಗೆ ಮೊದಲೇ ಗೊತ್ತಿತ್ತು!" ದರ್ಜಿ ಬೆವರೊರೆಸಿಕೊಂಡ. "ಮಗೂ, ಇನ್ನೊಂದು ಮಾಡಿ ತೋರ್ಸು."

ಮೌನಿಯ ಬಾಯಿಂದ ಮೂಗಿನಲ್ಲಿ ಮುಲುಗುವ ಗಂಡಸಿನ ದನಿ ಬಂತು: "ಅಮ್ಮಾ, ಒಂದೇ ಒಂದು ಸಲ ಮಾತಾಡೇ..."

ದರ್ಜಿ ನಕ್ಕ. "ಯಾರೇ ಈ ಅಳುಬುರುಕ? ಇದು ಸರಿಯಾಗಿ ಬರಲಿಲ್ಲ ಬಿಡಿ, ಮೇಷ್ಟ್ರೇ."

ಬೇರೆ ಯಾರೂ ನಗಲಿಲ್ಲ. ಹೆಂಡತಿ, ಎಂದಿಲ್ಲದಷ್ಟು ಮೆತ್ತಗೆ ಹೇಳಿದಳು: "ನೀವೇ ರೀ. ಅತ್ತೆ ಹೋದಾಗಿಂದ ಮಷಿನ್ ತುಳೀತಾ ದಿನಾ ಗೊಣಗ್ತೀರಲ್ಲ."

"ಅದಕ್ಕೇ ಅಜ್ಜಿ ಮಾತಾಡಿದ್ಲು, ಅಪ್ಪಾ," ಎಂದಳು ಮೌನಿ, ಈ ಸಲ ತನ್ನ ಸ್ವಂತ ದನಿಯಲ್ಲಿ.

ಇದು ಯಾರ ದನಿಯಪ್ಪಾ ಎಂದು ದರ್ಜಿ ಸುತ್ತಲೂ ನೋಡಿದ.